ಹನ್ನೆರಡನೆಯ ಕಲ್ಲು

ಸಿದ್ದನಗುಡ್ಡ ಮೊದಲು ಇಷ್ಟು ಎತ್ತರ ಇರಲಿಲ್ಲ. ಹನ್ನೊಂದು ವರ್ಷದ ಕೆಳಗೆ ಅದು ಈಗಿರುವುದಕ್ಕಿಂತ ಎರಡು ಆಳು ತಗ್ಗಾಗಿತ್ತು. ಪಾಲಾಕ್ಷ ವರ್ಷಕ್ಕೊಂದು ಕಲ್ಲು ಹೊತ್ತು ಅದರ ನೆತ್ತಿಯ ಮೇಲೆ ಇಟ್ಟೂ ಇಟ್ಟೂ ಬೆಳೆಯಿತು. ಮೈಸೂರಿನಿಂದ ಅಳತೆಯವರು ಸರಪಳಿ ಹಿಡಿದುಕೊಂಡು ಬಂದು, ಎರಡೆರಡು ಸಲ ಅಳೆದು, ಹಳೆಯ ನಕ್ಷೆಯನ್ನು ಅಲ್ಲೇ ಹರಿದು ಹಾಕಿ, ಪಾಲಾಕ್ಷನಿಗೆ ಕೈಮುಗಿದು ಹೋದರು. ಇನ್ನು ಗುಡ್ಡದ ಹುಲಿಯೋ, ಅವನು ಕಲ್ಲು ಹೊತ್ತು ಬರುವುದು ಕಂಡರೆ ದಾರಿ ಬಿಟ್ಟು, ಬಾಲ ಮುದುಡಿಕೊಂಡು ಪಕ್ಕಕ್ಕೆ ನಿಲ್ಲುತ್ತಿತ್ತು.

ಇದನ್ನೆಲ್ಲ ಹೇಳುತ್ತಿದ್ದವನು ಪಾಲಾಕ್ಷನೇ. ನಂಬುವವರು ಇಡೀ ಹಾಸನ ಸೀಮೆಯಲ್ಲಿ ಒಬ್ಬಳೇ: ಅವನ ಹನ್ನೊಂದು ವರ್ಷದ ಮಗಳು ಗಂಗಾಂಬಿಕೆ. ಅವಳು ಕಣ್ಣರಳಿಸಿ ಕೇಳುತ್ತಿದ್ದಳಲ್ಲ, ಅದಕ್ಕೇ ಆ ಹುಲಿ ವರ್ಷದಿಂದ ವರ್ಷಕ್ಕೆ ಇನ್ನಷ್ಟು ಸಾಧುವಾಗುತ್ತಿತ್ತು.

ಹಾಸನದ ಪೇಟೆಯಲ್ಲಿ ಪಾಲಾಕ್ಷನದು ಮೆಣಸಿನಕಾಯಿ, ಹುಣಸೆಹಣ್ಣಿನ ಅಂಗಡಿ. ಗಿರಾಕಿಗಳು ಘಾಟಿಗೆ ಸೀನುತ್ತಿದ್ದರೋ ಅವನ ಮಾತಿಗೆ ಸೀನುತ್ತಿದ್ದರೋ ಹೇಳುವುದು ಕಷ್ಟ. ತಾಯಿ ನೀಲಗಂಗಮ್ಮ ಮಾತ್ರ ದೊಡ್ಡಗದ್ದವಳ್ಳಿಯ ಆಚೆ, ಗುಡ್ಡದ ಬುಡದ ಹಳ್ಳಿಯಲ್ಲಿ, ಹಳೆಯ ಮನೆಯಲ್ಲೇ ಇದ್ದಳು.

ಹರಕೆಯ ಸಂಗತಿ ಹೀಗೆ. ಗಂಗಾಂಬಿಕೆ ಹುಟ್ಟಿದ ವರ್ಷ ಪಾಲಾಕ್ಷನಿಗೆ ವಿಷಮಶೀತ ಜ್ವರ ಬಂದು ಇಪ್ಪತ್ತೊಂದು ದಿನ ಹಾಸಿಗೆ ಹಿಡಿದಿದ್ದ. ಅವನ ಬಾಯಲ್ಲಿ ಅದು ನಲವತ್ತೆರಡು ದಿನ; ಯಮ ಬಂದು ಮಂಚದ ಕಾಲ ಬಳಿ ಕೂತೂ ಕೂತೂ ಬೇಸತ್ತು ಎದ್ದುಹೋದ. ಅಂತೂ ಆಗ ತಾಯಿ ಗುಡ್ಡದ ಸಿದ್ದಪ್ಪನಿಗೆ ಕಲ್ಲಿನ ಹರಕೆ ಹೊತ್ತಳು. ಮಗ ಬದುಕಿದರೆ ಹನ್ನೆರಡು ವರ್ಷ, ಕಾರ್ತಿಕದ ಕಡೇ ಸೋಮವಾರ, ಹಳ್ಳದ ಉರುಟು ಕಲ್ಲೊಂದು ತಲೆಯ ಮೇಲೆ ಗುಡ್ಡದ ನೆತ್ತಿಗೆ ಏರಬೇಕು. ಅಲ್ಲಿ ಅದಕ್ಕೆ ಸುಣ್ಣದಲ್ಲಿ ಮೂರು ಬೆರಳಿಂದ ಒಟ್ಟಿಗೆ ಮೂರು ಗೀಟು ಎಳೆದು ಇಟ್ಟು, ಬಂಡೆಯ ನಡುವಿನ ದೊಣೆಯಿಂದ ಒಂದು ಚೊಂಬು ನೀರು ತಂದು ಮನೆಗೆಲ್ಲ ಚಿಮುಕಿಸಬೇಕು. ಮಗ ಬದುಕಿದ. ಕಲ್ಲು ಹೊತ್ತು ಹೊರಟ.

ಆದರೆ ನೆತ್ತಿಯನ್ನು ಮಾತ್ರ ಒಂದು ಸಲವೂ ಕಾಣಲಿಲ್ಲ. ಮುಕ್ಕಾಲು ಗುಡ್ಡ ಏರಿದ ಮೇಲೆ ಅಡ್ಡಲಾಗಿ ಒಂದು ಬೋಳು ಬಂಡೆ. ಎಡಕ್ಕೆ ಕಲ್ಲು, ಬಲಕ್ಕೆ ಬರೀ ಆಕಾಶ. ದಾಟಲು ಯಾವ ಕಾಲದವರೋ ಕೆತ್ತಿಟ್ಟ, ಹೆಬ್ಬೆರಳು ಊರುವಷ್ಟೇ ಗುಳಿಗಳು. ಮೊದಲನೆಯ ವರ್ಷ ಅದನ್ನು ಕಂಡದ್ದೇ ತಡ, ಪಾಲಾಕ್ಷ ಹಿಮ್ಮೆಟ್ಟಿದ. ಈಚೆಗೊಂದು ಸೀಗೆ ಮೆಳೆ ಇತ್ತು. ಅದಕ್ಕೆ ಬೆನ್ನು ಹಾಕಿ ನಿಂತು, ಹೆಗಲ ಮೇಲಿಂದ ಕಲ್ಲನ್ನು ಹಿಂದಕ್ಕೆ ಬೀಳಿಸಿ, ತಿರುಗಿಯೂ ನೋಡದೆ ನೆರಳಿನಲ್ಲಿ ಕೂತು ಕಡ್ಲೆಪುರಿ ತಿಂದ. ಇಳಿಯುವಾಗ ಹಳ್ಳದಲ್ಲಿ ಚೊಂಬು ತುಂಬಿಸಿಕೊಂಡ. ಅವತ್ತು ಹೇಳಿದ ಸುಳ್ಳು ಗೇಣುದ್ದ ಇತ್ತು. ಆಮೇಲೆ ಪ್ರತಿ ವರ್ಷವೂ ಅದೇ ಮೆಳೆ, ಅದೇ ಪುರಿ. ಸುಳ್ಳು ಮಾತ್ರ ಗುಡ್ಡವನ್ನು ಮೀರಿ ಬೆಳೆಯಿತು.

ನಲವತ್ತೆರಡನೆಯ ಇಸವಿ. ಯುದ್ಧದ ದೆಸೆಯಿಂದ ಸೀಮೆಎಣ್ಣೆ ಸಿಗದೆ ಊರೆಲ್ಲ ಸಂಜೆಗೇ ಉಂಡು ಮಲಗುತ್ತಿದ್ದ ಕಾಲ. ಹನ್ನೆರಡನೆಯ ಕಲ್ಲಿಗಾಗಿ ಪಾಲಾಕ್ಷ ಹೆಂಡತಿ ದಾಕ್ಷಾಯಣಮ್ಮ, ಮಗಳು, ಹೊಳೆನರಸೀಪುರದಲ್ಲಿ ಸ್ಕೂಲು ಮೇಷ್ಟ್ರಾಗಿದ್ದ ಭಾವಮೈದ ಚಂದ್ರಯ್ಯ, ಇವರನ್ನೆಲ್ಲ ಗಾಡಿಯಲ್ಲಿ ಕೂರಿಸಿಕೊಂಡು ಹಳ್ಳಿಗೆ ಬಂದ. ಭಾನುವಾರ ಹೊತ್ತು ಮುಳುಗುವ ಮುಂಚೆ ನೀಲಗಂಗಮ್ಮ ರೊಟ್ಟಿ ತಟ್ಟುತ್ತಿದ್ದಳು. ಅವಳ ಬಲಗೈಯ ನಡುಬೆರಳ ತುದಿ ಎಂದೋ ಕುಡುಗೋಲಿಗೆ ಹೋಗಿತ್ತು. ರೊಟ್ಟಿಯ ಮೇಲೂ ಆ ಬೆರಳಿನ ಗುರುತು ಬೀಳುತ್ತಿರಲಿಲ್ಲ.

"ನಾಳೆ ನಾವೆಲ್ಲ ಬತ್ತೀವಿ ಕಣ್ಲಾ," ಅಂದಳು.

"ಎಲ್ಲಿಗವ್ವ?"

"ಗುಡ್ಡಕ್ಕೆ. ಕೊನೇ ಕಲ್ಲು ಇಕ್ಕುವಾಗ ಮನೆಯೋರೆಲ್ಲ ಇರ್ಬೇಕು. ಹೊತ್ತೋನು ಒಂದೊಂದೇ ಕಲ್ಲು ಮುಟ್ಟಿ, ಇದು ಇಂಥಾ ವರ್ಸದ್ದು, ನಾನೇ ಹೊತ್ತಿದ್ದು ಅಂತ ಎಲ್ಲಾರ ಎದುರ್ಗೆ ಏಳ್ಬೇಕು. ಇಲ್ದಿದ್ರೆ ಹರಕೆ ಮುಗಿಯಾಕಿಲ್ಲ."

ಪಾಲಾಕ್ಷನ ಬಾಯಲ್ಲಿದ್ದ ರೊಟ್ಟಿ ಬಾಯಲ್ಲೇ ನಿಂತಿತು. ಎದೆ ಚನ್ನರಾಯಪಟ್ಟಣಕ್ಕೆ ಕೇಳುವ ಹಾಗೆ ಬಡಿದುಕೊಂಡಿತು. ಈ ಕಟ್ಟಳೆ ಹನ್ನೊಂದು ವರ್ಷದಲ್ಲಿ ಅವನ ಕಿವಿಗೆ ಬಿದ್ದಿರಲೇ ಇಲ್ಲ! ನೆತ್ತಿಯ ಮೇಲೆ ಒಂದು ಕಲ್ಲಾದರೂ ಇದ್ದರೆ ತಾನೇ ಮುಟ್ಟುವುದು? ಮಗನ ಉಸಿರು ಆ ಕಲ್ಲುಗಳ ಮೇಲೇ ನಿಂತಿದೆಯೆಂದು ನಂಬಿರುವ ಅವ್ವ, ಬರೀ ನೆಲ ಕಂಡರೆ ಅಲ್ಲೇ ಕುಸಿದಾಳು. ಗಂಗಾಂಬಿಕೆ ಈ ಜನ್ಮದಲ್ಲಿ ಅವನ ಒಂದು ಮಾತನ್ನೂ ನಂಬಳು. ಅದಕ್ಕಿಂತ ಆ ಜ್ವರವೇ ವಾಸಿಯಾಗಿತ್ತು ಅನ್ನಿಸಿತು.

"ನಿನ್ ಮಂಡಿ ನೋವು ಅಂತಿದ್ದೆ ಅವ್ವ. ಏರಾಕಾದದಾ?"

"ಮಂಡಿ ನಂದು. ಅದ್ರ ಚಿಂತೆ ನಿಂಗ್ಯಾಕ್ಲಾ?"

ಚಂದ್ರಯ್ಯ ಮೀಸೆಯಡಿಯಲ್ಲೇ ನಕ್ಕ. "ಹೋಗೋಣ ಬಾವ. ನಿಮ್ಮ ಹುಲಿಗೆ ನಂದೂ ಒಂದು ನಮಸ್ಕಾರ."

ಬೆಳಿಗ್ಗೆ ಮಂಜು ಹರಿಯುವ ಮೊದಲೇ ಹೊರಟರು. ಪಾಲಾಕ್ಷನ ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಕಲ್ಲು. ದಾಕ್ಷಾಯಣಮ್ಮನ ಕಂಕುಳಲ್ಲಿ ರೊಟ್ಟಿ, ಹುಚ್ಚೆಳ್ಳು ಚಟ್ನಿಯ ಗಂಟು. ಚಂದ್ರಯ್ಯನ ಕಾಲಿಗೆ ಕ್ಯಾನ್ವಾಸ್ ಬೂಟು. ಗಂಗಾಂಬಿಕೆ ಲಂಗ ಎತ್ತಿ ಕಟ್ಟಿಕೊಂಡು, ಸಿಕ್ಕ ನೆಲ್ಲಿಕಾಯಿಯನ್ನೆಲ್ಲ ಮಡಿಲಿಗೆ ಹಾಕಿಕೊಳ್ಳುತ್ತ ಎಲ್ಲರಿಗಿಂತ ಮುಂದೆ ಓಡುತ್ತಿದ್ದಳು.

"ಅಪ್ಪಾ, ಹುಲಿ ಎಲ್ಲಿ?"

"ಇವತ್ತು ಸೋಮ್ವಾರ ಅಲ್ವಾ ಮಗಳೇ, ಅದ್ಕೂ ಉಪವಾಸ. ಗವಿ ಬಿಟ್ಟು ಬರಾಕಿಲ್ಲ."

"ಅದಕ್ಕೂ ಲಿಂಗಧಾರಣೆ ಮಾಡಿಸಿದ್ದೀರೋ ಬಾವ?" ಎಂದ ಚಂದ್ರಯ್ಯ.

ಮಾಮೂಲಿನ ದಿನವಾಗಿದ್ದರೆ ಪಾಲಾಕ್ಷ ಮಾತಲ್ಲೇ ಹುಲಿಯ ಕೈಯಿಂದ ಜಂಗಮರಿಗೆ ಊಟವನ್ನೂ ಹಾಕಿಸಿಬಿಡುತ್ತಿದ್ದ. ಇವತ್ತು ಅವನ ಮನಸ್ಸು ಬೇರೆಯೇ ಕಡೆ ಓಡುತ್ತಿತ್ತು. ಒಂದು ಕವಲಿನಲ್ಲಿ ಅವನು ತಿಳಿಯದೆ ಬಲಕ್ಕೆ ತಿರುಗಿದ. "ಅತ್ಲಾಗ್ ಯಾಕ್ಲಾ ಓಯ್ತೀಯೆ? ಅದು ದನದ ಜಾಡು," ಎಂದು ಹಿಂದಿನಿಂದ ಅವ್ವ ಎಡದ ದಾರಿ ಹಿಡಿದಳು. ಗುಡ್ಡ ಹತ್ತದವಳಿಗೆ ಜಾಡು ಹೇಗೆ ಗೊತ್ತು ಎಂದು ಅವನಿಗೆ ಹೊಳೆಯಲೂ ಇಲ್ಲ. ರಾತ್ರಿಯೆಲ್ಲ ಮಗ್ಗುಲು ಬದಲಿಸಿ ಅವನೊಂದು ಉಪಾಯ ಹೊಸೆದಿದ್ದ. ಅದನ್ನೇ ಮೆಲುಕು ಹಾಕುತ್ತಿದ್ದ.

ಬೋಳು ಬಂಡೆ ಬಂತು. ಅವ್ವ ಸೀಗೆ ಮೆಳೆಯ ಪಕ್ಕದಲ್ಲೇ, ಅವನು ವರ್ಷ ವರ್ಷವೂ ಕೂರುತ್ತಿದ್ದ ಜಾಗದಲ್ಲೇ, ಸೆರಗಿನ ಗಂಟಿನಿಂದ ಕಡ್ಲೆಪುರಿ ಬಿಚ್ಚಿದಳು. "ಇಲ್ಲೇ ಕೂತ್ಕಳ್ಳಿ. ನೆಳ್ಳು ಇಲ್ಲೇ ಚೆಂದಾಗ್ ಬೀಳ್ತದೆ."

ಪಾಲಾಕ್ಷ ಪುರಿಯನ್ನೊಮ್ಮೆ, ಅವ್ವನನ್ನೊಮ್ಮೆ ನೋಡಿದ. ಆದರೂ ಧೈರ್ಯ ಮಾಡಿ ಶುರುವಿಟ್ಟ. "ಅವ್ವ, ನಿಂಗೆ ಏಳೇ ಇರ್ನಿಲ್ಲ, ನೊಂದ್ಕತೀಯ ಅಂತ. ಮೇಲೊಂದು ಕರಡಿ ಸೇರ್ಕಂಡದೆ. ಎತ್ತಿಗಿಂತ ದಪ್ಪ. ಅದು ನಾನಿಟ್ಟ ಕಲ್ಲನ್ನೆಲ್ಲ ಉರುಳಿಸಿ ಉರುಳಿಸಿ ಈ ಮೆಳೆಗೆ ತಂದು ಕೆಡವದೆ. ಬೇಕಾದ್ರೆ ನೋಡಿ, ಹನ್ನೊಂದೂ ಇಲ್ಲೇ ಅವೆ. ಇಲ್ಲೇ ಮುಟ್ಟಿ ಏಳ್ಬಿಡ್ತೀನಿ."

"ಕರಡಿ ಗಂಡೋ ಹೆಣ್ಣೋ ಬಾವ?"

"ನೀನು ಮೇಷ್ಟ್ರು. ಸಿಕ್ಕಿದ್ರೆ ನೀನೇ ಕೇಳಪ್ಪ," ಎಂದವನೇ ಪಾಲಾಕ್ಷ ತಲೆಯ ಕಲ್ಲನ್ನು ನೆಲಕ್ಕಿಳಿಸಿ, ಜಾದೂಗಾರನ ಹಾಗೆ ಸೀಗೆ ಕೊಂಬೆಯನ್ನು ಎರಡೂ ಕೈಯಿಂದ ಸರಿಸಿದ.

ಮೆಳೆಯಲ್ಲಿ ಒಣಗಿದ ಎಲೆ ಇತ್ತು. ಒಂದು ಓತಿಕ್ಯಾತ ಇತ್ತು. ಕಲ್ಲು ಇರಲಿಲ್ಲ. ಹನ್ನೊಂದರಲ್ಲಿ ಒಂದೂ ಇರಲಿಲ್ಲ.

ಪಾಲಾಕ್ಷ ಮುಳ್ಳು ಗೀರುವುದನ್ನೂ ಲೆಕ್ಕಿಸದೆ ಭುಜದವರೆಗೆ ಕೈ ತೂರಿಸಿ ತಡಕಾಡಿದ. ತಾನೇ ಬೀಳಿಸಿದ ಕಲ್ಲು! ಸದ್ದು ಕಿವಿಯಲ್ಲಿ ಇನ್ನೂ ಇದೆ! ಕೈಯಿಂದ ರಕ್ತ ಬಂತು, ಒಂದು ಹಿಡಿ ಎಲೆ ಬಂತು, ಕಲ್ಲು ಮಾತ್ರ ಬರಲಿಲ್ಲ.

"ಇಲ್ಲಿಂದಲೂ ಹೊತ್ಕೊಂಡು ಹೋಗಿ ಕರಡಿ ಎಲ್ಲೋ ಮನೆ ಕಟ್ಟಿಸ್ತಿರಬೇಕು," ಎಂದ ಚಂದ್ರಯ್ಯ.

"ನೀನ್ ಸುಮ್ಕಿರು," ಎಂದು ದಾಕ್ಷಾಯಣಮ್ಮ ತಮ್ಮನನ್ನು ಗದರಿ, ಗಂಡನ ಮುಖ ನೋಡಿ ಗಾಬರಿಯಾದಳು. "ಏನೂಂದ್ರೆ, ಯಾಕಿಂಗೆ ಬೆಳ್ಳಗಾಗ್ಬುಟ್ರಿ?"

ಅಷ್ಟರಲ್ಲಿ ನೀಲಗಂಗಮ್ಮ ಎದ್ದು ಸೀರೆ ಮೇಲಕ್ಕೆ ಸಿಕ್ಕಿಸಿ, ಸೀದಾ ಬೋಳು ಬಂಡೆಯ ಮೇಲೆ ಕಾಲಿಟ್ಟಿದ್ದಳು. ಅರವತ್ತು ದಾಟಿದ ಹೆಂಗಸು. ಬಲಕ್ಕೆ ಬರೀ ಆಕಾಶ. ಅವಳು ಕೆಳಗೆ ನೋಡಲೂ ಇಲ್ಲ. ಕತ್ತಲೆಯಲ್ಲಿ ಅಡುಗೆಮನೆಯ ಹೊಸ್ತಿಲು ದಾಟುವವಳಂತೆ, ಹೆಬ್ಬೆರಳು ತಾನಾಗಿ ಒಂದೊಂದೇ ಗುಳಿ ಹುಡುಕಿಕೊಂಡಿತು. ಆಚೆಗೆ ನಿಂತು, "ಬಾರವ್ವ ಗಂಗೂ," ಎಂದು ಕೈ ಚಾಚಿದಳು. ಮೊಮ್ಮಗಳು ಕುಂಟಾಬಿಲ್ಲೆ ಆಡುವಂತೆ ದಾಟಿದಳು. ದಾಕ್ಷಾಯಣಮ್ಮ ಸಿದ್ದಪ್ಪನ ಹೆಸರು ಹೇಳುತ್ತ ದಾಟಿದಳು. ಚಂದ್ರಯ್ಯ ಬೂಟು ಬಿಚ್ಚಿ ಕೊರಳಿಗೆ ನೇತುಹಾಕಿಕೊಂಡು, ನಾಲ್ಕು ಕಾಲಿನಲ್ಲಿ, ಮಗ್ಗಿ ಹೇಳಿಕೊಳ್ಳುತ್ತ ದಾಟಿದ.

ಈಚೆಗೆ ಉಳಿದವನು ಹುಲಿಯಿಂದಲೇ ದಾರಿ ಬಿಡಿಸಿಕೊಂಡ ಪಾಲಾಕ್ಷನೊಬ್ಬನೇ. ಕಲ್ಲನ್ನು ಮತ್ತೆ ತಲೆಗೇರಿಸಿಕೊಂಡು ಬಂಡೆಯ ಅಂಚಿಗೆ ಬಂದ, ಹಿಂದಕ್ಕೆ ಸರಿದ.

ಅವ್ವ ತಿರುಗಿ ಬಂದಳು. ಸೆರಗಿನ ತುದಿ ಅವನ ಕೈಗೆ ಕೊಟ್ಟಳು. "ಇಡ್ಕ. ಕೆಳೀಕ್ ನೋಡ್ಬ್ಯಾಡ. ನನ್ ಹಿಮ್ಮಡಿ ನೋಡು."

ಬಿರುಕು ಬಿಟ್ಟ ಆ ಹಿಮ್ಮಡಿಯನ್ನು ಅವನು ಜೀವಮಾನದಲ್ಲಿ ಅಷ್ಟು ದಿಟ್ಟಿಸಿ ನೋಡಿರಲಿಲ್ಲ. ಒಂದು ಕೈಯಲ್ಲಿ ಕಲ್ಲು, ಒಂದು ಕೈಯಲ್ಲಿ ಸೆರಗು. ಬಂಡೆ ಹಾಸನದಿಂದ ಅರಕಲಗೂಡಿನಷ್ಟು ಉದ್ದವಾಯಿತು. ಅಂತೂ ಮುಗಿಯಿತು.

ನೆತ್ತಿಗೆ ಬಂದಾಗ ಬಿಸಿಲು ಏರಿತ್ತು. ಒಂದು ಬಸರಿ ಮರ, ಅದರ ಬುಡದಲ್ಲಿ ಸಿದ್ದಪ್ಪ, ಪಕ್ಕದಲ್ಲಿ ಆಕಾಶ ತುಂಬಿಕೊಂಡ ದೊಣೆ. ಪಾಲಾಕ್ಷ ಕಣ್ಣು ಮುಚ್ಚಿಕೊಂಡೇ ನಿಂತ. ಮಗಳು ಕೂಗುವುದನ್ನು ಕಾಯುತ್ತಿದ್ದ. ಮಗಳು ಕೂಗಿದಳು.

"ಒಂದು, ಎರಡು, ಮೂರು... ಅಪ್ಪಾ! ಹನ್ನೊಂದೂ ಇವೆ!"

ಅವನು ಕಣ್ಣು ಬಿಟ್ಟ. ಸಿದ್ದಪ್ಪನ ಸುತ್ತ ಹನ್ನೊಂದು ಹಳ್ಳದ ಕಲ್ಲು. ಸಿಡಿಲು ಬಡಿದವನ ಹಾಗೆ ನೋಡಿದ. ನಾಲ್ಕನೆಯ ವರ್ಷದ ಕೆಂಪು ಪಟ್ಟೆಯದೂ ಇತ್ತು, ಕಳೆದ ವರ್ಷದ ಮೂಲೆ ಮುರಿದದ್ದೂ ಇತ್ತು. ಅವನವೇ. ಅವನು ಎಸೆದವೇ.

ಚಂದ್ರಯ್ಯ ತಾನೂ ಎರಡು ಸಲ ಎಣಿಸಿ, ಬೂಟು ಕೊರಳಲ್ಲಿದ್ದಂತೆಯೇ ಕೈಮುಗಿದ. "ತಪ್ಪಾಯ್ತು ಬಾವ. ಇಷ್ಟು ವರ್ಷ ನಿಮ್ಮನ್ನ ಬಾಯಿಬಡುಕ ಅಂದುಕೊಂಡಿದ್ದೆ."

"ನಾನೇಳ್ಲಿಲ್ವಾ ಮಾವ!" ಎಂದು ಗಂಗಾಂಬಿಕೆ ಕುಣಿದಳು.

ಅಷ್ಟು ಸಾಕಾಯಿತು. ಹೋಗಿದ್ದ ಪ್ರಾಣ ಬಂತು, ಅದರ ಹಿಂದೆಯೇ ನಾಲಿಗೆಯೂ ಬಂತು. ಸಿದ್ದಪ್ಪನೇ ತನ್ನ ಮಾನ ಕಾಪಾಡಲು ಕಲ್ಲಿಗೆ ಕಾಲು ಕೊಟ್ಟಿದ್ದಾನೆ! ಪಾಲಾಕ್ಷ ತಲೆಯ ಕಲ್ಲನ್ನು ಪಕ್ಕಕ್ಕಿಳಿಸಿ, ಪಂಚೆ ಸರಿಮಾಡಿಕೊಂಡು ಮೊದಲ ಕಲ್ಲು ಮುಟ್ಟಿದ.

"ಇದು ಮೊದಲ್ನೇ ವರ್ಸದ್ದು. ಅವತ್ತು ಮಳೆ ಅಂದ್ರೆ ಮಳೆ! ದೊಣೆ ತುಂಬಿ ತುಳುಕ್ತಿತ್ತು. ನಾನು ಈಜ್ಕಂಡ್ ಬಂದು..."

"ಅಪ್ಪಾ," ಎಂದಳು ಮಗಳು. ಕಳೆದ ವರ್ಷದ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. "ಮೂರು ಗೀಟು ಎಳೀಬೇಕು ಅಂದಿದ್ದೆ. ಇಲ್ಲಿ ಎರಡೇ ಇವೆ. ಆ ಪಕ್ಕದ ಕಲ್ಲಲ್ಲೂ ಎರಡೇ. ನಡುವಿಂದು ಯಾವುದರಲ್ಲೂ ಇಲ್ಲ."

ಹಳೆಯ ಕಲ್ಲುಗಳ ಸುಣ್ಣ ಮಳೆಗೆ ತೊಳೆದುಹೋಗಿತ್ತು. ಈಚಿನ ನಾಲ್ಕೈದರ ಮೇಲೆ ಮಾತ್ರ ಮಾಸಿದ ಗೀಟು ಕಾಣುತ್ತಿತ್ತು: ಮೇಲೊಂದು, ಕೆಳಗೊಂದು, ನಡುವೆ ಖಾಲಿ. ಪಾಲಾಕ್ಷ ನಿನ್ನೆಯ ರೊಟ್ಟಿಯನ್ನು ನೆನೆದ. ನಿಧಾನವಾಗಿ ತಲೆ ಎತ್ತಿದ. ಅವ್ವ ದೊಣೆಯ ಅಂಚಿನಲ್ಲಿ ಕೂತು ಚೊಂಬು ತುಂಬಿಸುತ್ತಿದ್ದಳು. ಚೊಂಬಿನ ಕಂಠದ ಮೇಲೆ ಆ ಮೊಂಡು ಬೆರಳು.

"ಮೊದಲ್ನೇ ವರ್ಸ ಮಳೆ ಎಲ್ಲಿತ್ಲಾ?" ಎಂದಳು ಅವಳು, ಮುಖ ಎತ್ತದೆ. "ಈ ದೊಣೆ ಬತ್ತಿ ತಳದ ಕೆಸ್ರೂ ಬಿರುಕು ಬಿಟ್ಟದೆ ಅಂತ ದನ ಕಾಯೋರು ಅಂದಿದ್ರು. ನೀನು ತುಂಬಿದ ಚೊಂಬು ತಂದೆ. ಮಾರನೇ ದಿನ ಸೊಪ್ಪು ತರ್ತೀನಂತ ಏಳಿ ನಿನ್ ಜಾಡು ಇಡ್ಕಂಡ್ ಬಂದೆ. ಕಲ್ಲು ಮೆಳೇಲಿ ಬಿದ್ದಿತ್ತು, ಮೇಲೀಕ್ ತಂದೆ, ಆಮೇಲೆ ವರ್ಸ ವರ್ಸಾನೂ ಅಂಗೇ. ಹರಕೆ ಹೊತ್ತೋಳು ನಾನು. ಕಲ್ಲು ಮೇಲೀಕ್ ಓದ್ರೆ ಸಾಕಾಗಿತ್ತು ನಂಗೆ. ಈ ವರ್ಸ ಮಂಡಿ ಒಪ್ಪಾಕಿಲ್ಲ ಅಂತು, ಹೊರೆ ಹೊತ್ತು ಏರಾಕೆ. ಅದ್ಕೇ ಈ ಸಲ ನೀನೇ ಹೊತ್ಕಂಡ್ ಬರ್ಲಿ ಅಂತ ಈ ಮುಟ್ಟೋ ಕಟ್ಟಳೆ ಕಟ್ದೆ."

ಚಂದ್ರಯ್ಯನ ಕೊರಳಿನ ಬೂಟು ಒಂದು ಜಾರಿ ನೆಲಕ್ಕೆ ಬಿತ್ತು. ಗಂಗಾಂಬಿಕೆ ಅಪ್ಪನನ್ನೇ ನೋಡುತ್ತಿದ್ದಳು. ಈಗಲೂ ಒಂದು ಹುಲಿಯನ್ನೋ ಕರಡಿಯನ್ನೋ ಕರೆದರೆ ಬಂದುಬಿಡುತ್ತಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಪಾಲಾಕ್ಷ ಅದನ್ನು ನುಂಗಿದ. ತಾನು ಹೊತ್ತು ತಂದ ಕಲ್ಲನ್ನು ಎತ್ತಿ ಮಗಳ ಮುಂದೆ ಇಟ್ಟು, ಅವಳ ಎದುರಿಗೇ ಕೂತ.

"ಹುಲಿ ಇಲ್ಲ ಕಣವ್ವ. ಅಳತೆಯೋರು ಬರ್ನಿಲ್ಲ. ಈ ಹನ್ನೊಂದೂ ನಾನು ಸೀಗೆ ಮೆಳೆಗೆ ಎಸೆದು ಓಗಿದ್ದು. ಅಲ್ಲಿಂದ ಇಲ್ಲೀಗಂಟ ಹೊತ್ತಿದ್ದು ನಿಮ್ಮಜ್ಜಿ. ಆ ಬಂಡೆ ಕಂಡ್ರೆ ನಂಗೆ ಭಯ. ಇವತ್ತಿನದೊಂದೇ ನಾನು ಹೊತ್ತಿದ್ದು," ಎಂದು ತಡೆದು, ಸಿದ್ದಪ್ಪನ ಕಡೆ ಒಮ್ಮೆ ನೋಡಿ, "ಅದೂ ನಮ್ಮವ್ವನ ಸೆರಗು ಇಡ್ಕಂಡು," ಎಂದ.