"ನಾನು ಮಾಡಿದೆ" ಎಂದ ಮಕ್ರೀನಾ

ಸೊಸೆ ಒಡೀಲಿಯಾ ಕಲಿಸಿಕೊಟ್ಟದ್ದು ಒಂದೇ ಒಂದು ಸ್ಪ್ಯಾನಿಷ್ ಮಾತು: ಇಸೆ. ಅಂದರೆ, ನಾನು ಮಾಡಿದೆ. ಅದು ಮಕ್ರೀನಾಳ ಬಾಯಿಗೆ ಹತ್ತಿದ್ದೇ ತಡ, ಮನೆಯವರಿಗೆ ಉಳಿಗಾಲವಿಲ್ಲದಂತಾಯಿತು. ರೊಟ್ಟಿ ತಟ್ಟಿ "ಇಸೆ!" ಅಂದಳು. ಕೋಳಿಗೂಡಿಗೆ ಬಾಗಿಲು ಕಟ್ಟಿ "ಇಸೆ!" ಅಂದಳು. ಕೊನೆಗೆ ಅಂಗಳದಲ್ಲಿ ಒರಗಿದ್ದ ಮಗನ ಹೊಟ್ಟೆಗೆ ತಿವಿದು, "ಇವನನ್ನೂ ಇಸೆ!"

"ಅತ್ತೆ, ಅದ್ರಲ್ಲಿ ಮಾವನ ಪಾಲೂ ಇದೆ ಅಲ್ವಾ?"

"ಮೂಗು ಅವರದ್ದು ಕಣೆ. ಉಳಿದದ್ದೆಲ್ಲ ನಂದೇ."

ಒಡೀಲಿಯಾ ನಕ್ಕೂ ನಕ್ಕೂ ಬಿಕ್ಕಳಿಸಿದಳು.

ಅವರ ಝಪೊಟೆಕ್ ಮಾತಿನಲ್ಲಿ ಹೀಗೆ ಹೇಳಲು ಬರುವುದಿಲ್ಲವೆಂದಲ್ಲ. ಆದರೆ ಮಡಕೆ ಮಾಡುವ ಆ ಊರಿನ ಹೆಂಗಸರು ಮಡಕೆಯ ಬಗ್ಗೆ ಮಾತ್ರ ಹಾಗೆನ್ನುವುದಿಲ್ಲ. ಯಾರು ಮಾಡಿದ್ದು ಅಂತ ಕೇಳಿದರೆ "ಬೆಂಕಿ ಕೊಟ್ಟಿತು" ಎನ್ನಬೇಕು. "ನಾನು ಮಾಡಿದೆ" ಅಂದೆಯೋ, ಮುಂದಿನ ಸಲ ಸುಡುವ ಮಡಕೆಗಳೆಲ್ಲ ಸೀಳಿಹೋಗುತ್ತವೆ.

ಹೋದ ವರ್ಷ ಒಹಾಕ ಪಟ್ಟಣದ ಮಡಕೆ ಸ್ಪರ್ಧೆಯಲ್ಲೂ ಮಕ್ರೀನಾ "ಬೆಂಕಿ ಕೊಟ್ಟಿತು" ಅಂದಿದ್ದಳು. ಬೆಂಕಿಯ ಹೆಸರನ್ನು ಅರ್ಜಿಯಲ್ಲಿ ಬರೆಯುವುದು ಹೇಗೆ? ಗಾಡಿ ಓಡಿಸಿಕೊಂಡು ಬಂದಿದ್ದ ಮೈದುನ ಫಿದೆನ್ಸಿಯೋ ಸ್ಪ್ಯಾನಿಷ್ ಬಲ್ಲವನು, ತನ್ನ ಹೆಸರು ಬರೆಸಿಬಿಟ್ಟ. ಮೊದಲ ಬಹುಮಾನ ಬಂತು. ಮಡಕೆಯನ್ನು ತಬ್ಬಿಕೊಂಡ ಅವನ ಫೋಟೋ ಊರ ಕಚೇರಿಯ ಗೋಡೆಯಲ್ಲಿದೆ. ಪ್ರತಿ ಭಾನುವಾರ ಇಗರ್ಜಿಯಿಂದ ಬರುವಾಗ ಅದು ಮಕ್ರೀನಾಳನ್ನು ನೋಡಿ ಹಲ್ಲುಕಿರಿಯುತ್ತದೆ.

ಈ ವರ್ಷ ಅವಳು ದೊಡ್ಡ ನೀರಿನ ಹೂಜಿ ಮಾಡಿದ್ದಳು. ಮೆಕ್ಕೆಜೋಳದ ದಿಂಡಿನಿಂದ ಸವರಿ ಸವರಿ ತೆಳುವಾಗಿಸಿ, ಹೊಳೆಗಲ್ಲಿನಿಂದ ಉಜ್ಜಿ ಹೊಳಪು ತಂದಿದ್ದಳು. ಸ್ಪರ್ಧೆಯ ಮೇಜಿನ ಆಚೆ ಕೂತಿದ್ದ ಕನ್ನಡಕದ ಹುಡುಗಿ ತಲೆಯೆತ್ತಿ ಸ್ಪ್ಯಾನಿಷಿನಲ್ಲಿ ಹೋದ ವರ್ಷದ್ದೇ ಪ್ರಶ್ನೆ ಕೇಳಿದಳು: "ಯಾರು ಮಾಡಿದ್ದು?"

ಮನೆಯಲ್ಲಿ ಒಣಗುತ್ತಿದ್ದ ನಲವತ್ತು ಹಸಿಮಡಕೆಗಳು ಮಕ್ರೀನಾಳ ಕಣ್ಣಮುಂದೆ ಬಂದವು. ಎಲ್ಲ ಸೀಳಿದರೆ?

"ಬಿಡಿ ಅತ್ತಿಗೆ, ನಾನು ಹೇಳ್ತೀನಿ," ಎಂದು ಫಿದೆನ್ಸಿಯೋ ಮೀಸೆ ತೀಡಿ ಮುಂದೆ ಬಂದ. "ಬರ್ಕೊಳ್ಳಮ್ಮ, ಫಿದೆ..."

"ಇಸೆ!"

ಎದುರಿನ ಅಂಗಳದಲ್ಲಿ ಊದುತ್ತಿದ್ದ ವಾದ್ಯದವನ ಪೀಪಿ ಅರ್ಧಕ್ಕೆ ನಿಂತಿತು. ಮಕ್ರೀನಾಳಿಗೇ ಗಾಬರಿಯಾಯಿತು. ಆದರೆ ಬಾಯಿ ಎಲ್ಲಿ ಕೇಳುತ್ತದೆ? ಎದೆ ಬಡಿದುಕೊಂಡು "ಇಸೆ! ಇಸೆ!" ಎಂದಳು. ಸಾಲಿನಲ್ಲಿ ಹಿಂದೆ ನಿಂತಿದ್ದ ಅದೇ ಊರಿನ ಮುದುಕಿ ಆಸೆನ್ಸಿಯಾ ಶಿಲುಬೆಯ ಗುರುತು ಮಾಡಿಕೊಂಡಳು.

"ಅಯ್ಯೋ ಮಕ್ರೀನಾ, ಮಡಕೆ ಸೀಳ್ತವಲ್ಲೇ!"

"ಸೀಳಲಿ ದೊಡ್ಡಮ್ಮ. ಸೀಳಿದ್ರೆ ಅದನ್ನೂ ನಾನೇ ಮಾಡಿದ್ದು!"

ಮುದುಕಿಯ ಹೆಗಲು ಕುಲುಕಿತು, ಹೊಟ್ಟೆ ಕುಲುಕಿತು. ನಗು ಸಾಲಿನುದ್ದಕ್ಕೂ ಹರಿಯಿತು. ಕನ್ನಡಕದ ಹುಡುಗಿಯೂ ನಗುತ್ತಲೇ ಮಕ್ರೀನಾಳ ಪೂರ್ತಿ ಹೆಸರು ಬರೆದಳು. ಅರ್ಜಿಯಲ್ಲಿ ತನ್ನ ಹೆಸರಿರುವುದು ಯಾವ ಸಾಲಿನಲ್ಲಿ ಅಂತ ಮಕ್ರೀನಾ ಎರಡು ಸಲ ತೋರಿಸಿಕೊಂಡಳು.

"ಮತ್ತೆ ನಾನು?" ಎಂದ ಫಿದೆನ್ಸಿಯೋ.

"ನೀನು ಗಾಡಿಗೆ ಹೋಗಪ್ಪ. ಒಳಗೆ ಇನ್ನೂ ಹನ್ನೊಂದು ಮಡಕೆ ಇವೆ, ಹುಷಾರಾಗಿ ತಗೊಂಡ್ಬಾ." ಮಕ್ರೀನಾ ಕುರ್ಚಿ ಎಳೆದುಕೊಂಡು ಮೇಜಿನ ಮುಂದೆ ಕೂತೇಬಿಟ್ಟಳು. "ಹೋಗೋ ಮುಂಚೆ ಈ ಕನ್ನಡಕದ ಮಗೂಗೆ ಹೇಳು, ಅರ್ಜಿ ಕಾಗದ ಜಾಸ್ತಿ ತರಿಸ್ಲಿ."