ನಳಿಗೆಯೊಳಗೆ ಅರಿಶಿನ

"ಅರಿಶಿನದ ಕೊಂಬು ನಿಲ್ತಾನೇ ಇರ್ಲಿಲ್ಲ ಕಣೆ, ಜಾರಿ ಜಾರಿ ಬೀಳ್ತಿತ್ತು. ಕೊನೆಗೆ ಊದುಬತ್ತಿ ಕಡ್ಡೀಲಿ ಒಳಗೇ ತಳ್ಳಿಬಿಟ್ಟೆ," ಎಂದರು ಶಕುಂತಲಾ, ಕಿವಿ ಮುಚ್ಚಿದ್ದ ದಪ್ಪನೆಯ ಇಯರ್‌ಮಫ್ಫನ್ನು ಒಂದು ಕಡೆ ಎತ್ತಿಕೊಂಡು.

"ಯಾವುದರೊಳಗಮ್ಮ?" ವನಜಾ ಅರ್ಧ ಗಮನದಲ್ಲಿ ಕೇಳಿದಳು. ಅವಳ ಕಣ್ಣೆಲ್ಲ ಗಂಡ ಗುರುಪ್ರಸಾದನ ಮೇಲಿತ್ತು.

"ಅದೇ, ಅಳಿಯಂದಿರ ಬಂದೂಕಿನ ಬಾಯೊಳಗೆ. ಬರೀ ಬಾಯಿ ಬಿಟ್ಕೊಂಡಿರೋದಕ್ಕೆ ಯಾರಾದ್ರೂ ಪೂಜೆ ಮಾಡ್ತಾರಾ?"

ಗಂಡ ಹೆಂಡತಿ ನೆಲೆಸಿದ್ದ ಪರದೇಶದ ನೇಸ್ ಊರಿನಾಚೆ, ಜೌಗು ಬಯಲಿನ ಅಂಚಿನಲ್ಲಿದ್ದ ಆ ಶೂಟಿಂಗ್ ರೇಂಜಿನಲ್ಲಿ ಅಂದು ಹಳೆಯ ಮಿಲಿಟರಿ ರೈಫಲ್‌ಗಳ ಭಾನುವಾರ. ಸೈನ್ಯಗಳು ಬೇಡವೆಂದು ಮಾರಿಬಿಟ್ಟ, ಅಜ್ಜಂದಿರ ವಯಸ್ಸಿನ ಅರೆ-ಸ್ವಯಂಚಾಲಿತ ರೈಫಲ್‌ಗಳನ್ನು ಮಕ್ಕಳಂತೆ ಸಾಕಿಕೊಂಡ ಐದಾರು ಜನ ಅಲ್ಲಿ ಸೇರುತ್ತಿದ್ದರು. ಎಣ್ಣೆ ಹಚ್ಚಿದ ಮರ, ಸುಟ್ಟ ಮದ್ದಿನ ವಾಸನೆ, ಒಬ್ಬರದನ್ನೊಬ್ಬರು ಹೊಗಳಿದ್ದೇ ಹೊಗಳಿದ್ದು. ಗುರುಪ್ರಸಾದನದು ಗ್ಯಾರಂಡ್, ಎರಡನೇ ಮಹಾಯುದ್ಧದ್ದು. ಎಂಟೂ ಗುಂಡು ಹಾರಿದ ಮೇಲೆ ಅವನ್ನು ಹಿಡಿದಿಟ್ಟಿದ್ದ ಖಾಲಿ ಕ್ಲಿಪ್ಪು "ಪಿಂಗ್" ಎಂದು ಆಕಾಶಕ್ಕೆ ಚಿಮ್ಮುತ್ತದಲ್ಲ, ಆ ಒಂದು ಸದ್ದಿಗಾಗಿ ಅವನು ವಾರವಿಡೀ ಆಪರೇಷನ್ ಥಿಯೇಟರಿನಲ್ಲಿ ರೋಗಿಗಳನ್ನು ನಿದ್ದೆಗೆ ಕಳಿಸುತ್ತಾ ಕಾಯುತ್ತಿದ್ದ. ಹೆಂಡತಿ ರೇಗಿಸಿದರೆ, "ನಿನ್ನ ರೇಷ್ಮೆ ಸೀರೆಗಳ ಬಗ್ಗೆ ನಾನೇನಾದ್ರೂ ಅಂದಿದ್ದೀನಾ?" ಎನ್ನುತ್ತಿದ್ದ.

ಮೈಸೂರಿನಿಂದ ಅತ್ತೆ ಬಂದಿದ್ದರು. ನಡುವೆಯೇ ಆಯುಧಪೂಜೆಯೂ ಬಂತು. ಕಾರು, ಲ್ಯಾಪ್‌ಟಾಪು, ಮಿಕ್ಸಿ ಎಲ್ಲಕ್ಕೂ ಕುಂಕುಮ ಬಿತ್ತು. "ಮನೇಲಿ ನಿಜವಾದ ಆಯುಧ ಇಟ್ಕೊಂಡು ಮಿಕ್ಸಿಗೆ ಪೂಜೆ ಮಾಡೋದೇ?" ಎಂದು ಶಕುಂತಲಾ ಕೇಳಿದ್ದಕ್ಕೆ ಗುರುಪ್ರಸಾದ ಹಿಗ್ಗಿಹೋಗಿ ಕಬ್ಬಿಣದ ಪೆಟ್ಟಿಗೆಯಿಂದ ರೈಫಲ್ ತೆಗೆದು ಮಣೆಯ ಮೇಲೆ ಮಲಗಿಸಿದ್ದ. ಮಧ್ಯದಲ್ಲಿ ಆಸ್ಪತ್ರೆಯ ಫೋನು ಬಂತೆಂದು ಎದ್ದು ಕಿಟಕಿಯ ಹತ್ತಿರ ಹೋದ. ಅತ್ತೆ ಕೊಂಬು ತಳ್ಳಿದ್ದು ಆಗಲೇ. ಪೆಟ್ಟಿಗೆಗೆ ವಾಪಸ್ಸು ಇಡುವಾಗ ಅವನು ಒರೆಸಲು ಬಟ್ಟೆ ತೆಗೆದರೆ ಅತ್ತೆ ಕೈ ಅಡ್ಡ ಹಿಡಿದಿದ್ದರು: "ಬೇಡಿ ಬೇಡಿ. ಪೂಜೆ ಆದ್ಮೇಲೆ ಮೊದಲ ಕೆಲಸ ಆಗೋ ತನಕ ಆಯುಧ ಒರೆಸಬಾರದು."

ಅತ್ತೆಯ ಮಾತಿಗೆ ಎದುರಾಡದ ಅಳಿಯ, ಅಲ್ಲಿಯವರು 'ಸರಿ' ಎನ್ನುವ ಧಾಟಿಯಲ್ಲಿ, "ಗ್ರ್ಯಾಂಡ್ ಅತ್ತೆ" ಎಂದುಬಿಟ್ಟ. ದಿನಾ ಬೆಳಿಗ್ಗೆ ಮೊದಲ ರೋಗಿ ಬರುವ ಮುನ್ನ ಅನಸ್ತೇಷಿಯಾ ಯಂತ್ರದ ಕೊಳವೆ ಕೊಳವೆಯನ್ನೂ ಪರೀಕ್ಷಿಸುವ ಮಹಾನುಭಾವ, ಈ ಒಂದು ಕೊಳವೆಯಲ್ಲಿ ಇಣುಕಿ ನೋಡಲಿಲ್ಲ!

ವನಜಾ ಥಟ್ಟನೆ ಅಮ್ಮನ ಕಡೆ ತಿರುಗಿದಳು. ನಳಿಗೆಯಲ್ಲಿ ಚೂರು ಬಟ್ಟೆ ಉಳಿದರೂ ಸಾಕು, ಗುಂಡು ಹೊಡೆದವನ ಮುಖದೆದುರೇ ಕಬ್ಬಿಣ ಸಿಡಿಯಬಹುದು ಎಂದು ಊಟದ ಹೊತ್ತಿನಲ್ಲಿ ಬೇಡವೆಂದರೂ ಹೇಳುತ್ತಿದ್ದವನು ಇವನೇ.

"ಆಮೇಲೆ ತೆಗೆದ್ಯಾ ಅದನ್ನ?"

"ನಾನ್ಯಾಕೆ ತೆಗೀಲಿ? ಅವರೇ ತೆಗ್ದಿರ್ತಾರೆ ಅಂದ್ಕೊಂಡೆ."

ಅತ್ತ ಗುರುಪ್ರಸಾದ ಮರಳಿನ ಚೀಲದ ಹಿಂದೆ ಬೋರಲು ಮಲಗಿ ಕ್ಲಿಪ್ಪನ್ನು ಹೆಬ್ಬೆರಳಿನಿಂದ ಒತ್ತಿದ. ಬೋಲ್ಟು ಗುಂಡನ್ನು ತಳ್ಳಿಕೊಂಡು ಖಟ್ಟನೆ ಮುಂದಕ್ಕೆ ಹೋಗಿ ಕೂತಿತು. ಮರದ ಮೇಲೆ ಕುಂಕುಮದ ಬೊಟ್ಟು ಇನ್ನೂ ಹಾಗೇ ಇತ್ತು.

"ರೀ!" ಎಂದಳು ವನಜಾ. ಪಕ್ಕದ ಲೇನಿನವನ ರೈಫಲು ಅದೇ ಹೊತ್ತಿಗೆ ಗುಡುಗಿತು. ಮತ್ತೆ ಕೂಗಿದಳು, "ರೀ, ಹೊಡೀಬೇಡಿ!" ಗಂಡನ ಕಿವಿಯ ಮೇಲೂ ಇಯರ್‌ಮಫ್, ಅವನ ಕೆನ್ನೆ ಆಗಲೇ ಮರಕ್ಕೆ ತಾಗಿತ್ತು. ಏನೇ ತಪ್ಪು ಕಂಡರೂ ಯಾರು ಬೇಕಾದರೂ ಕೂಗಿ ನಿಲ್ಲಿಸಬಹುದು, ಆದರೆ ಹಳದಿ ಗೆರೆ ಮಾತ್ರ ದಾಟಬಾರದು ಎಂದು ರೇಂಜ್ ಆಫೀಸರ್ ಡರ್ಮಟ್ ಬೆಳಿಗ್ಗೆಯೇ ಹೇಳಿದ್ದ. ಕೂಗಬೇಕಾದ ಆ ಇಂಗ್ಲಿಷ್ ಮಾತು ಹಾಳಾದ್ದು ನಾಲಿಗೆಗೇ ಬರುತ್ತಿಲ್ಲ. ಒಂದು ವೇಳೆ ಕೊಂಬು ಕಾರಿನಲ್ಲೇ ಉದುರಿಹೋಗಿದ್ದರೆ? ಇಷ್ಟು ಜನರೆದುರು ಅಮ್ಮನ ಮರ್ಯಾದೆ, ಇವನ ಮರ್ಯಾದೆ... ಅವಳು ಹಿಂಜರಿದಳು. ಒಂದೇ ಒಂದು ಉಸಿರಿನಷ್ಟು ಹೊತ್ತು.

ಆಮೇಲೆ ಹಳದಿ ಗೆರೆ ದಾಟಿ ಓಡಿದಳು.

"ನಿಲ್ಸೀ! ನಿಲ್ಸಿ, ನಿಲ್ಸಿ!"

ಡರ್ಮಟ್‌ಗೆ ಕನ್ನಡ ಬಾರದು. ಆದರೆ ಗೆರೆ ದಾಟಿದ ಹೆಂಗಸು ಕಂಡಳು. ಅವನ ಸೀಟಿ ಬಯಲನ್ನೇ ಸೀಳಿತು. "ಸೀಸ್ ಫೈರ್!" ಸಾಲಾಗಿ ಎಲ್ಲರ ಬೆರಳುಗಳೂ ಟ್ರಿಗರಿನಿಂದ ಈಚೆಗೆ ಬಂದವು. ಗುರುಪ್ರಸಾದನ ಬೆರಳು ಕೊನೆಯದು.

ಅವನು ಸಿಟ್ಟಿನಿಂದಲೇ ತಿರುಗಿದ. "ಏನೇ ಇದು? ತಲೆ ಕೆಟ್ಟಿದ್ಯಾ ನಿಂಗೆ?"

"ಒಳಗೆ ಅರಿಶಿನದ ಕೊಂಬಿದೆ ರೀ. ಅಮ್ಮ ತಳ್ಳಿದ್ದಾರೆ."

ಗುರುಪ್ರಸಾದ ಬೋಲ್ಟು ಹಿಂದಕ್ಕೆಳೆದು ಹಿಡಿದು ಕ್ಲಿಪ್ಪು ತೆಗೆದ. ಡರ್ಮಟ್ ಬಂದು ಟಾರ್ಚು ಹಾಕಿ ಗುಂಡು ಕೂರುವ ಗೂಡು ಖಾಲಿಯಿದೆಯೆಂದು ನೋಡಿ, ಶುಚಿ ಮಾಡುವ ಉದ್ದನೆಯ ಸಲಾಕೆಯನ್ನು ನಳಿಗೆಯ ಬಾಯಿಂದ ಒಳಕ್ಕಿಳಿಸಿದ. ಅದು ನಾಲ್ಕು ಬೆರಳು ಇಳಿದು ನಿಂತಿತು. ಒತ್ತಿದ, ಜಗ್ಗಲಿಲ್ಲ. ಅಂಗೈ ಊರಿ ತಳ್ಳಿದ ಮೇಲೆ, ಆ ಕಡೆಯಿಂದ ಕಿರುಬೆರಳಿನ ತುದಿಯಂಥ ಹಳದಿ ತುಂಡೊಂದು ಚಾಪೆಯ ಮೇಲೆ ಬಿತ್ತು.

ಎಲ್ಲರೂ ಅದನ್ನೇ ನೋಡಿದರು. ಡರ್ಮಟ್ ಬೈಯಲಿಲ್ಲ. "ಇವತ್ತಿಗೆ ನಿನ್ನದು ಮುಗೀತು, ಗುರು. ಹೋಗಿ ಟೀ ಕುಡಿ," ಎಂದಷ್ಟೇ ಇಂಗ್ಲಿಷಿನಲ್ಲಿ ಹೇಳಿ ರೈಫಲನ್ನು ತಾನೇ ಚೀಲಕ್ಕೆ ಹಾಕಿದ. ಬೈದಿದ್ದರೇ ವಾಸಿ ಎನ್ನಿಸಿತು ಗುರುಪ್ರಸಾದನಿಗೆ. ತಪ್ಪು ತನ್ನದೇ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಸೀಟಿ ಕೇಳಿದ್ದೇ ಹೆದರಿ ಒಳಗೆ ಬಂದಿದ್ದ ಶಕುಂತಲಾ ಟೀ ಕೊಠಡಿಯ ಬೆಂಚಿನ ಮೇಲೆ ಮುದುಡಿ ಕೂತಿದ್ದರು. "ಏನಾಯ್ತಪ್ಪಾ? ಯಾಕೆ ನಿಲ್ಲಿಸಿಬಿಟ್ರು?"

ವನಜಾ ಬಾಯಿ ತೆರೆಯುವಷ್ಟರಲ್ಲಿ ಅವನೇ ಹೇಳಿದ, "ಏನಿಲ್ಲ ಅತ್ತೆ. ಗಾಳಿ ಜಾಸ್ತಿ ಇದೆ. ಮುಂದಿನ ಸಲ ನೋಡೋಣ."

ಶಕುಂತಲಾ ಕಿಟಕಿಯಾಚೆ ನೋಡಿದರು. ಉಳಿದವರೆಲ್ಲ ಮತ್ತೆ ಮಲಗಿ ಗುರಿ ಹಿಡಿಯುತ್ತಿದ್ದರು. ಮೊದಲ ಗುಂಡಿನ ಸದ್ದು ಕೇಳಿತು. ಅವರು ಮಗಳ ಮುಖ ನೋಡಿದರು, ಮಗಳು ತಲೆ ತಗ್ಗಿಸಿದಳು. ಮುದುಕಿಗೆ ಇನ್ನೇನೂ ಹೇಳಬೇಕಾಗಲಿಲ್ಲ.

ಗುರುಪ್ರಸಾದ ಕಾಗದದ ಲೋಟ ಎತ್ತಿದ. ಬಾಯಿ ಮುಟ್ಟುವ ಮೊದಲೇ ಬಿಸಿ ಟೀ ಬೆರಳ ಮೇಲೆಲ್ಲ ಚೆಲ್ಲಿತು. ಮಗಳ ಮದುವೆಯಾದಾಗಿನಿಂದ ಅಳಿಯನ ಎದುರು ಕಾಲು ಚಾಚಿ ಕೂರದ, ಕೈಗೆ ಕೈ ತಾಗದಂತೆ ತಟ್ಟೆ ಕೊಡುತ್ತಿದ್ದ ಶಕುಂತಲಾ ಎದ್ದು ಬಂದು, ಅವನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು, ಲೋಟವನ್ನು ಅವನ ಬಾಯಿಯವರೆಗೂ ಒಯ್ದರು. ಅವನು ಕುಡಿದ.