ಅಲಿಕುಂಞಿಯ ಬಾಕಿ

ಮಯ್ಯಿತ್ತಿನ ಮಂಚಕ್ಕೆ ಹೆಗಲು ಕೊಟ್ಟು ನಡೆಯುತ್ತಲೇ ವಿವೇಕ ಮತ್ತೊಮ್ಮೆ ಕೇಳಿದ. "ನಿಯಾಝ್ ಭಾಯಿ, ಕೋರ್ಟಿನ ಕೌಂಟರ್ ಒಂದಕ್ಕ ಬಂದ್ ಆಗ್ತೈತ್ರಿ. ಇವತ್ತ ಕಡೀ ದಿನ."

ಮುಂದಿನ ಹೆಗಲು ತೀರಿಕೊಂಡ ಅಲಿಕುಂಞಿ ಕಾಕಾರ ಮಗ ನಿಯಾಝನದು. "ಉಪ್ಪನನ್ನು ಹೊತ್ಕೊಂಡಿದ್ದೇನೆ ಮಾರಾಯ್ರೆ. ಅದೆಲ್ಲ ಈಗ ಬೇಡ."

ವಿವೇಕನಿಗೆ ತನ್ನ ನಾಲಗೆಯ ಮೇಲೇ ಸಿಟ್ಟು ಬಂತು. ಆದರೆ ಸುಮ್ಮನಿರುವುದಾದರೂ ಹೇಗೆ? ಅಣ್ಣ ಅಮರೇಶ ಈ ಅರಬ್ ದೇಶದ ಜೈಲಿನಲ್ಲಿದ್ದ. ಅವನು ವೆಲ್ಡಿಂಗ್ ಮಾಡುತ್ತಿದ್ದ ಗೋದಾಮಿಗೆ ಬೆಂಕಿ ಬಿದ್ದು ಒಬ್ಬ ಸತ್ತಿದ್ದಕ್ಕೆ ಹತ್ತು ವರ್ಷ. ಆಮೇಲೆ ಕಾನೂನು ಬದಲಾಯಿತು. ಅಂಥ ತಪ್ಪಿಗೆ ಈಗ ಅರ್ಧ ಶಿಕ್ಷೆ. ತನಗೂ ಇಳಿಸಿ ಎಂದು ಅಮರೇಶ ಹಾಕಿದ್ದ ಅರ್ಜಿ ವಜಾ ಆಗಿತ್ತು. ಇವತ್ತು ಮೇಲ್ಮನವಿ ಸಲ್ಲಿಸದಿದ್ದರೆ ಇದ್ದೊಂದು ದಾರಿಯೂ ಮುಚ್ಚಿಹೋಗುತ್ತಿತ್ತು.

*

ವಕೀಲ "ಖಲಾಸ್" ಎಂದು ಕೈತೊಳೆದುಕೊಂಡ ದಿನ ಅಲಿಕುಂಞಿ ಕಾಕಾ ಕೈಹಾಕಿದ್ದರು. ಶುವೈಖಿನ ಕಂಪನಿಯೊಂದರ ಮಂದೂಬ್ ಅವರು. ಬೇರೆಯವರ ಕಾಗದ ಹಿಡಿದು ಸರಕಾರಿ ಕಚೇರಿಗಳ ಸಾಲಿನಲ್ಲಿ ನಿಂತೇ ಆಯುಷ್ಯ ಸವೆಸಿದವರು. ಮೇಲ್ಮನವಿಯನ್ನು ಅರಬಿಯಲ್ಲಿ ಟೈಪ್ ಮಾಡಿಸಿ, ಜೈಲಿಗೆ ಹೋಗಿ ಅಮರೇಶನ ಸಹಿಯನ್ನೂ ತಂದರು.

"ನೀನೊಬ್ಬನೇ ಹೋದ್ರೆ ಅರಬಿ ಬರುದಿಲ್ಲ ಅಂತ ವಾಪಸ್ ಕಳಿಸ್ತಾರೆ. ಗುರುವಾರ ಕಾಗದ ಹಿಡ್ಕೊಂಡು ಬಾ, ಮಾತು ನಾನಾಡ್ತೇನೆ. ಈಗ ಊಟ ಮಾಡು. ಮೀನು ಮುಟ್ಟದವನಿಗೆ ಮೊಸರುಂಟು," ಎಂದು ನಕ್ಕಿದ್ದರು.

ಬುಧವಾರ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ.

*

ನಮಾಜಿಗೆ ಸಾಲು ನಿಂತಿತು. ರೂಢಿಯಂತೆ ನಿಯಾಝ್ ಎಲ್ಲರತ್ತ ತಿರುಗಿದ. "ಉಪ್ಪನಿಂದ ಯಾರಿಗಾದ್ರೂ ಏನಾದ್ರೂ ಬಾಕಿ ಉಂಟಾದ್ರೆ ಹೇಳಿ. ಇನ್ನು ಅದು ನನ್ನ ಮೇಲೆ."

ಸಾಲಿನ ಹೊರಗೆ ನಿಂತಿದ್ದ ವಿವೇಕ ಒಂದು ಹೆಜ್ಜೆ ಮುಂದೆ ಬಂದ.

"ನನಗೊಂದು ಬಾಕಿ ಐತ್ರಿ. ಇವತ್ತ ಬರ್ತೇನಿ ಅಂತ ಕಾಕಾ ಮಾತು ಕೊಟ್ಟಿದ್ರು."

ಹಿರಿಯರೊಬ್ಬರು ಕಣ್ಣು ಕೆಂಪಗೆ ಮಾಡಿದರು. ನಾಚಿಕೆಯಿಂದ ವಿವೇಕ ಹಿಡಿಯಷ್ಟಾದ. ಆದರೂ ಹಿಂದೆ ಸರಿಯಲಿಲ್ಲ. ನಿಯಾಝ್ ಬಿಳಿಬಟ್ಟೆ ಹೊದ್ದು ಮಲಗಿದ್ದ ತಂದೆಯನ್ನೇ ಸ್ವಲ್ಪ ಹೊತ್ತು ನೋಡಿದ.

"ಆಯ್ತು. ಅದೂ ನನ್ನ ಮೇಲೆ," ಎಂದ.

ಮೂರು ಹಿಡಿ ಮಣ್ಣು ಹಾಕಿದವನೇ, ಸಾಂತ್ವನ ಹೇಳಲು ನಿಂತವರನ್ನು ಚಿಕ್ಕಪ್ಪನಿಗೆ ಒಪ್ಪಿಸಿ ಕಾರು ಹತ್ತಿದ. "ಯಲ್ಲಾ, ಬನ್ನಿ ಹೋಗುವ."

*

ಕೌಂಟರಿನಲ್ಲಿ ಇವರ ಸರದಿ ಬರುವಷ್ಟರಲ್ಲಿ ಒಂದಾಗುತ್ತ ಬಂದಿತ್ತು. ಗುಮಾಸ್ತ ಕಾಗದ ತಿರುವಿ, ಅದರಲ್ಲಿ ಕಾಕಾರ ಹೆಸರು ಕಂಡು, ಅಲಿ ಎಲ್ಲಿ ಎಂದು ಅರಬಿಯಲ್ಲಿ ಕೇಳಿದ. ಉಪ್ಪ ತೀರಿಕೊಂಡದ್ದನ್ನು ನಿಯಾಝ್ ಹೇಳಿದ. ಗುಮಾಸ್ತ ಎದ್ದು ನಿಂತು ಕೈ ಚಾಚಿದ. ಹಿಂದಿದ್ದ ಮಂದೂಬರಿಗೂ ಸುದ್ದಿ ಮುಟ್ಟಿತು. ಫೈಲುಗಳನ್ನು ಕಂಕುಳಲ್ಲಿ ಅವುಚಿಕೊಂಡು ಒಬ್ಬೊಬ್ಬರೇ ಬಂದು ನಿಯಾಝನ ಭುಜ ಮುಟ್ಟತೊಡಗಿದರು. ಯಾರಿಗೂ ಅವಸರವಿರಲಿಲ್ಲ. ವಿವೇಕ ಗಡಿಯಾರ ನೋಡಿದ, ಕಾಗದ ನೋಡಿದ. ಬೆಳಗಿನಿಂದ ಒಂದು ಹನಿ ಕಣ್ಣೀರಿಲ್ಲದವನಿಗೆ ಈಗ ಅಳು ಬಂತು.

ಗುಮಾಸ್ತ ನಿಯಾಝನ ಕೈ ಬಿಡಲಿಲ್ಲ. ಎಡಗೈಯಲ್ಲೇ ಮೇಜು ತಡಕಾಡಿ ಮೊಹರು ಹುಡುಕಿ, ಕಾಗದದ ಮೇಲೆ ಒತ್ತಿದ.